ನಿಕ್ಲಾಸ್‌ಹೌಸನ್ ಎಂಬ ಯಾತ್ರಾಗ್ರಾಮ

೧

ಜರ್ಮನಿ ದೇಶದ ದಕ್ಷಿಣಭಾಗದಲ್ಲಿ ಮೈನ್ ನದಿಯೂ ಅದರ ಉಪನದಿಗಳೂ ಹರಿಯುವ ನಾಡಿಗೆ ಫ್ರಾಂಕೋನಿಯವೆಂದು ಹೆಸರು. ದ್ರಾಕ್ಷಿಯ ತೋಟಗಳಿಂದ ಕೂಡಿದ ಗುಡ್ಡಗಳೂ, ಕಣಿವೆಗಳಲ್ಲಿ ಹಳ್ಳಿಗಳೂ, ಹಳ್ಳಿಗೊಂದೊಂದು ಇಗರ್ಜಿಯೂ ಇರುವ ಈ ನಾಡು ಕ್ರೈಸ್ತರ ಯಾತ್ರಾಸ್ಥಳಗಳಿಗೆ ಬಹುಕಾಲದಿಂದ ಹೆಸರಾದುದು. ಗ್ಯೋಸ್‌ವೈನ್‌ಸ್ಟೈನ್, ಫೀರ್‌ಟ್ಸೇನ್‌ಹೈಲಿಗೆನ್ ಮೊದಲಾದ ಸ್ಥಳಗಳಲ್ಲಿ ಹದಿನೆಂಟನೆಯ ಶತಮಾನದಲ್ಲಿ ಬಾಲ್ತಾಜಾರ್ ನೋಯ್‌ಮನ್ ಎಂಬ ವಾಸ್ತುಶಿಲ್ಪಿಯು ರೂಪಿಸಿದ ಭವ್ಯಮಂದಿರಗಳು ಇಂದಿಗೂ ಯಾತ್ರಿಕರನ್ನು ಸೆಳೆಯುತ್ತಿರುವುವು. ಈ ಲೇಖನಕ್ಕೆ ವಿಷಯವಾದ ಊರಿನಲ್ಲಾದರೋ ಅಂತಹ ವೈಭವ ಯಾವುದೂ ಇಲ್ಲ. ಅದು ತೌಬರ್ ನದಿಯ ದಡದಲ್ಲಿರುವ ನಿಕ್ಲಾಸ್‌ಹೌಸನ್ ಎಂಬ ಸಣ್ಣ ಹಳ್ಳಿ. ಆ ನದಿಯು ಅಲ್ಲಿಂದ ಕೆಲವು ಮೈಲಿ ಮುಂದೆ ಹರಿದು ವೆರ್ಟ್‌ಹೈಮ್ ಪಟ್ಟಣದ ಬಳಿ ಮೈನ್ ನದಿಯನ್ನು ಸೇರುವುದು.

ಈ ಹಳ್ಳಿಯ ಹೆಸರು ಚರಿತ್ರೆಯ ಗ್ರಂಥಗಳಲ್ಲಿ ಉಳಿದಿರುವುದು ಒಂದೇ ಒಂದು ವರ್ಷದ ಸಂಗತಿಯಿಂದ. ನಿಜವಾಗಿ ಹೇಳುವುದಾದರೆ ಆ ವರ್ಷದ ನಾಲ್ಕು ತಿಂಗಳಿಗೂ ಕಡಮೆಯಾದ ಕಾಲದಿಂದ. ೧೪೭೬ನೆಯ ಇಸವಿಯ ಮಾರ್ಚಿ ತಿಂಗಳ ಕೊನೆಯ ವಾರದಿಂದ ಜುಲೈ ತಿಂಗಳ ನಡುವಿನ ವರೆಗೆ ಸಾವಿರಾರು ಮಂದಿ ಇಲ್ಲಿಗೆ ನಡೆದುಬಂದರು. ಅವರು ಬಂದುದು ಓದುಬರಹವರಿಯದ ಒಬ್ಬ ದನಕಾಯುವ ಹುಡುಗನ ಮಾತನ್ನು ಕೇಳುವುದಕ್ಕೆ. ಆ ಹುಡುಗನನ್ನು ಸುಟ್ಟರು. ಮುಂದಿನ ವರ್ಷ ಇಗರ್ಜಿಯನ್ನೂ ಕೆಡವಿದರು. ಆದರೂ ಊರಿನ ಹೆಸರು ಅಳಿಯಲಿಲ್ಲ. ಅಳಿಸಲು ಹೊರಟವರ ಬರವಣಿಗೆಯಿಂದಲೇ ಅದು ನಮ್ಮವರೆಗೆ ಉಳಿದುಬಂದಿತೆಂಬುದು ಈ ಕಥೆಯಲ್ಲಿನ ದೊಡ್ಡ ವಿಚಿತ್ರ. ಆದುದರಿಂದ ಇದನ್ನು ಓದುವವರು ಏನು ನಡೆಯಿತೆಂಬುದರ ಜೊತೆಗೆ, ಹೇಳುತ್ತಿರುವವರು ಯಾರೆಂಬುದನ್ನೂ ಹೆಜ್ಜೆಹೆಜ್ಜೆಗೆ ನೆನೆಯುತ್ತಿರಬೇಕಾಗುವುದು.

೨

ಅಂದಿನ ಜರ್ಮನಿಯ ರಾಜ್ಯವ್ಯವಸ್ಥೆಯನ್ನು ಸ್ವಲ್ಪ ತಿಳಿದಲ್ಲದೆ ಈ ವೃತ್ತಾಂತವು ಸ್ಪಷ್ಟವಾಗದು. ದೇಶಕ್ಕೆಲ್ಲ ಮೂರನೆಯ ಫ್ರೀಡ್ರಿಕ್ಕನೆಂಬ ಚಕ್ರವರ್ತಿಯಿದ್ದನು. ಆದರೆ ನಿಜವಾದ ಅಧಿಕಾರವು ನೂರಾರು ಸಣ್ಣ ದೊಡ್ಡ ಪ್ರಭುಗಳಲ್ಲಿ ಹಂಚಿಹೋಗಿದ್ದಿತು. ಧರ್ಮಾಧಿಕಾರಿಗಳಾದ ಬಿಷಪ್ಪರಲ್ಲಿ ಅನೇಕರು ರಾಜ್ಯಾಧಿಕಾರವನ್ನೂ ಹೊಂದಿದ್ದರು. ವುರ್ಟ್ಸ್‌ಬುರ್ಗ್ ನಗರದ ಬಿಷಪ್ಪನು ತನ್ನನ್ನು ಫ್ರಾಂಕೋನಿಯದ ಡ್ಯೂಕನೆಂದೂ ಕರೆದುಕೊಳ್ಳುತ್ತಿದ್ದನು. ಅವನ ಅರಮನೆಯು ಮೈನ್ ನದಿಯ ಎಡದಡದ ಬೆಟ್ಟದ ಮೇಲಿನ ಮರಿಯೆನ್‌ಬೆರ್ಗ್ ಕೋಟೆಯಲ್ಲಿದ್ದಿತು. ಧರ್ಮದಂಡವೂ ಖಡ್ಗವೂ ಒಬ್ಬನ ಕೈಯಲ್ಲಿಯೇ ಇದ್ದುವು.

ನಿಕ್ಲಾಸ್‌ಹೌಸನ್ನಿನ ನೆಲಕ್ಕೆ ಒಡೆಯನು ವೆರ್ಟ್‌ಹೈಮಿನ ಕೌಂಟನು. ಅಲ್ಲಿನ ಇಗರ್ಜಿಯು ಸೇರಿದುದು ಮೈಂಟ್ಸ್ ನಗರದ ಆರ್ಚ್‌ಬಿಷಪ್ಪನ ಆಡಳಿತಕ್ಕೆ. ಸುತ್ತಣ ಬಹುಭಾಗ ಪ್ರದೇಶದಲ್ಲಿ ನಡೆಯುತ್ತಿದ್ದುದು ವುರ್ಟ್ಸ್‌ಬುರ್ಗಿನ ಬಿಷಪ್ಪನ ಆಜ್ಞೆ. ಹೀಗೆ ಒಂದು ಸಣ್ಣ ಹಳ್ಳಿಯ ಮೇಲೆ ಮೂವರು ಪ್ರಭುಗಳ ಕಣ್ಣಿದ್ದಿತು. ಕಥೆಯ ಕೊನೆಯಲ್ಲಿ ಈ ಮೂವರೂ ಒಂದು ಕಡೆ ಕಲೆಯುವುದನ್ನು ಕಾಣುವೆವು.

ಊರಿನ ಇಗರ್ಜಿಯಲ್ಲಿ ಕನ್ಯಾಮರಿಯಮ್ಮನ ವಿಗ್ರಹವೊಂದಿದ್ದು, ಹದಿನಾಲ್ಕನೆಯ ಶತಮಾನದಿಂದಲೇ ಸುತ್ತಮುತ್ತಲಿನವರು ಅಲ್ಲಿಗೆ ಹರಕೆ ಹೊತ್ತು ಬರುವ ವಾಡಿಕೆಯಿದ್ದಿತು. ಅಂದಿನ ಕ್ರೈಸ್ತರ ನಂಬಿಕೆಯಂತೆ, ಪಾಪವನ್ನು ಪಾದ್ರಿಯಲ್ಲಿ ನಿವೇದಿಸಿ ಕ್ಷಮೆ ಪಡೆದ ಮೇಲೆಯೂ ಅನುಭವಿಸಬೇಕಾದ ಶಿಕ್ಷೆಯೊಂದು ಉಳಿಯುತ್ತಿದ್ದಿತು. ಅದನ್ನು ಬದುಕಿರುವಾಗ ತೀರಿಸದಿದ್ದರೆ ಸತ್ತ ಬಳಿಕ ಶುದ್ಧೀಕರಣಸ್ಥಳದ ಬೆಂಕಿಯಲ್ಲಿ ತೀರಿಸಬೇಕು. ಗೊತ್ತಾದ ಪುಣ್ಯಸ್ಥಳಕ್ಕೆ ಗೊತ್ತಾದ ದಿನದಲ್ಲಿ ಯಾತ್ರೆ ಮಾಡಿದವರಿಗೆ ಈ ಶಿಕ್ಷೆಯಲ್ಲಿ ಇಷ್ಟು ದಿನ, ಇಷ್ಟು ವರ್ಷ ವಿನಾಯಿತಿಯೆಂದು ಪೋಪರೂ ಬಿಷಪ್ಪರೂ ಪತ್ರಗಳನ್ನು ಕೊಡುತ್ತಿದ್ದರು. ಎಲ್ಲಕ್ಕಿಂತ ಮಿಗಿಲಾದುದು ರೋಮಾಪುರಿಯ ಮಹೋತ್ಸವವರ್ಷದ ಪೂರ್ಣವಿಮೋಚನೆ. ಅಂತಹ ಮಹೋತ್ಸವವೊಂದು ೧೪೭೫ರಲ್ಲಿ, ಎಂದರೆ ನಮ್ಮ ಕಥೆಗೆ ಹಿಂದಿನ ವರ್ಷವೇ, ರೋಮಿನಲ್ಲಿ ನಡೆದಿದ್ದಿತು. ಆಲ್ಪ್ಸ್ ಪರ್ವತವನ್ನು ದಾಟಿ ರೋಮಿಗೆ ಹೋಗಿಬರುವ ಶಕ್ತಿಯು ತೌಬರ್ ಕಣಿವೆಯ ಬಡಬಗ್ಗರಿಗೆ ಎಲ್ಲಿಯದು?

ಇನ್ನು ಅವರ ಲೌಕಿಕಜೀವನ. ಬೆಳೆದುದರಲ್ಲಿ ಹತ್ತರಲ್ಲೊಂದು ಪಾಲು ಇಗರ್ಜಿಗೆ; ಒಡೆಯನಿಗೆ ಗೇಣಿ, ಅದರ ಮೇಲೆ ಬಿಟ್ಟಿದುಡಿಮೆ. ಮನೆಯ ಯಜಮಾನ ಸತ್ತರೆ ಕೊಟ್ಟಿಗೆಯಲ್ಲಿನ ಒಳ್ಳೆಯ ದನವನ್ನು ಒಡೆಯನು ಹೊಡೆದುಕೊಂಡುಹೋಗುವ ಪದ್ಧತಿಯು ಅನೇಕ ಕಡೆಗಳಲ್ಲಿದ್ದಿತು. ಕಣ್ಣೆದುರಿನ ಕಾಡಿನಲ್ಲಿ ಜಿಂಕೆ, ಹೊಳೆಯಲ್ಲಿ ಮೀನು. ಆದರೆ ಬೇಟೆಯಾಡಿದರೂ ಬಲೆ ಬೀಸಿದರೂ ದಂಡನೆ. ಹಿಂದೆ ಊರೊಟ್ಟಿಗಿದ್ದ ಹುಲ್ಲುಗಾವಲುಗಳೂ ಸೌದೆಯ ಕಾಡುಗಳೂ ದಿನದಿನಕ್ಕೆ ಪ್ರಭುಗಳ ಬೇಲಿಯೊಳಗೆ ಸೇರುತ್ತಿದ್ದುವು. ಜನರ ಮನಸ್ಸಿನಲ್ಲಿ ಕಿಚ್ಚು ಮೊದಲೇ ಇದ್ದಿತು. ಅದಕ್ಕೆ ಬಾಯಿಯೊಂದು ಬೇಕಾಗಿದ್ದಿತು.

೩

ಆ ಬಾಯಿಯಾದವನು ಹಾನ್ಸ್ ಬ್ಯೋಮ್. ವುರ್ಟ್ಸ್‌ಬುರ್ಗಿಗೂ ವೆರ್ಟ್‌ಹೈಮಿಗೂ ನಡುವಣ ಹೆಲ್ಮ್‌ಸ್ಟಾಟ್ ಎಂಬುದು ಅವನ ಹುಟ್ಟೂರು. ಆಗ ಅವನಿಗೆ ಸುಮಾರು ೧೮ ವರ್ಷ. ಹಗಲು ದನ ಕಾಯುವುದು, ಹಬ್ಬಹುಣ್ಣಿಮೆಗಳಲ್ಲಿ ಹೆಂಡದಂಗಡಿಗಳ ಮುಂದೆ ಡೋಲು ಬಡಿದು ಕೊಳಲೂದಿ ಜನರನ್ನು ಕುಣಿಸುವುದು ಅವನ ಕಸುಬು. ಆದುದರಿಂದ ಚರಿತ್ರಕಾರರು ಅವನನ್ನು ನಿಕ್ಲಾಸ್‌ಹೌಸನ್ನಿನ ಡೋಲುಗಾರನೆಂದೂ, ಕೊಳಲೂದುವವನೆಂದೂ ಕರೆದಿರುವರು. ಬ್ಯೋಮ್ ಎಂದರೆ ಬೊಹೀಮಿಯ ದೇಶದವನೆಂದು ಅರ್ಥ. ಬೊಹೀಮಿಯದ ಯಾನ್ ಹುಸ್ ಎಂಬ ಧರ್ಮಸುಧಾರಕನನ್ನು ೧೪೧೫ರಲ್ಲಿ ಸುಟ್ಟ ಬಳಿಕ ಅವನ ಅನುಯಾಯಿಗಳು ದಂಗೆಯೆದ್ದು ಬಹುಕಾಲ ಯುದ್ಧ ಮಾಡಿದ್ದರು. ಹೀಗಿರುವಲ್ಲಿ ಹುಡುಗನ ಹೆಸರು ಸಹ ಮುಂದೆ ಅವನ ಮೇಲಣ ಸಂಶಯಕ್ಕೆ ಒದಗಿಬಂದುದರಲ್ಲಿ ಆಶ್ಚರ್ಯವಿಲ್ಲ.

೧೪೭೬ನೆಯ ಇಸವಿಯಲ್ಲಿ, ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದಲ್ಲಿ, ಶನಿವಾರದ ರಾತ್ರಿ ಬಯಲಿನಲ್ಲಿ ದನಗಳ ಬಳಿಯಿದ್ದಾಗ ತನಗೆ ಬಿಳಿಯ ಉಡುಪಿನಲ್ಲಿ ಕನ್ಯಾಮರಿಯಮ್ಮನು ಕಾಣಿಸಿಕೊಂಡಳೆಂದು ಅವನು ಹೇಳಿದನು. ಡೋಲನ್ನು ಬೆಂಕಿಗೆ ಹಾಕು, ನಿಕ್ಲಾಸ್‌ಹೌಸನ್ನಿನಲ್ಲಿ ಜನರಿಗೆ ಬೋಧಿಸು ಎಂಬುದು ತಾಯಿಯ ಅಪ್ಪಣೆಯಂತೆ. ಮಾರ್ಚಿ ೨೪ರ ಭಾನುವಾರ, ಇಗರ್ಜಿಯ ಮುಂದೆ ಜನರೆಲ್ಲ ನೋಡುತ್ತಿರುವಂತೆ ಅವನು ತನ್ನ ಡೋಲನ್ನು ಸುಟ್ಟನು. ಹೊಟ್ಟೆಪಾಡಿನ ಸಾಧನವನ್ನೇ ಬೂದಿ ಮಾಡಿದವನ ಮಾತಿಗೆ ಜನರು ಕಿವಿಗೊಡದಿರುವುದು ಹೇಗೆ?

ಮೊದಮೊದಲಿನ ಬೋಧೆಯು ಹಳೆಯ ರೀತಿಯದೇ. ಪಾಪಕ್ಕೆ ಪಶ್ಚಾತ್ತಾಪಪಡಬೇಕು, ಜೂಜು ಕುಣಿತಗಳನ್ನು ಬಿಡಬೇಕು, ಕೊರಳಿನ ಸರಗಳನ್ನೂ ಚೂಪುಮೂತಿಯ ಜೋಡುಗಳನ್ನೂ ತೊರೆಯಬೇಕು. ಇಂತಹ ಸುಡುವಿಕೆಯನ್ನು ಜರ್ಮನಿಯ ಜನ ಹಿಂದೆಯೂ ಕಂಡಿದ್ದರು. ಕಾಲು ನೂರು ವರ್ಷಗಳ ಹಿಂದೆ ಕಾಪಿಸ್ತ್ರಾನೋದ ಯೋಹಾನ್ನನೆಂಬ ಫ್ರಾನ್ಸಿಸ್ಕನ್ ಸಂನ್ಯಾಸಿಯು ಜರ್ಮನಿಯ ನಗರಗಳಲ್ಲಿ ಸಂಚರಿಸಿ, ಜೂಜಿನ ಹಲಗೆಗಳನ್ನೂ ಆಡಂಬರದ ವಸ್ತುಗಳನ್ನೂ ಬೆಂಕಿಗೆ ಹಾಕಿಸಿದ್ದನು. ಆ ಸಂನ್ಯಾಸಿಯನ್ನು ಬಿಷಪ್ಪರೇ ಆದರಿಸಿದ್ದರು. ಹಾನ್ಸನ ಬೋಧೆಯಲ್ಲಿ ಹೊಸದಾಗಿದ್ದುದು ಎರಡು. ಮೊದಲನೆಯದು, ಅವನಿಗೆ ಯಾರ ಅನುಮತಿಯೂ ಇರಲಿಲ್ಲ. ಎರಡನೆಯದು, ರೋಮಿನಲ್ಲಿ ದೊರೆಯುವ ಪೂರ್ಣವಿಮೋಚನೆಯು ತೌಬರ್ ಕಣಿವೆಯಲ್ಲಿಯೂ ದೊರೆಯುವುದೆಂದೂ, ಇಲ್ಲಿಗೆ ಬಂದವನ ಆತ್ಮವು ನೇರವಾಗಿ ಸ್ವರ್ಗವನ್ನು ಸೇರುವುದೆಂದೂ ಅವನು ಸಾರಿದನು. ಪೋಪನ ಮುದ್ರೆಯಿಲ್ಲದೆ ದನಗಾಹಿಯೊಬ್ಬನು ಪುಣ್ಯವನ್ನು ಹಂಚತೊಡಗಿದನೆಂದಮೇಲೆ ಮುಂದಿನದನ್ನು ಊಹಿಸುವುದು ಕಷ್ಟವಲ್ಲ.

೪

ಸುದ್ದಿಯು ಕಾಡುಗಿಚ್ಚಿನಂತೆ ಹಬ್ಬಿತು. ಫ್ರಾಂಕೋನಿಯದಿಂದ ಮಾತ್ರವಲ್ಲದೆ ಬವೇರಿಯ, ಸ್ವೇಬಿಯ, ಆಲ್ಸಾಸ್, ಹೆಸ್ಸೆನ್, ಸಾಕ್ಸನಿಗಳಿಂದಲೂ ಜನರು ಬಂದರು. ಕಮ್ಮಾರಸಾಲೆಯ ಆಳು ಸುತ್ತಿಗೆಯನ್ನೂ, ಉಳುವವನು ನೇಗಿಲನ್ನೂ ಇದ್ದಲ್ಲಿಯೇ ಬಿಟ್ಟು, ಹುಲ್ಲು ಕೊಯ್ಯುವ ಹೆಂಗಸು ಕುಡುಗೋಲನ್ನು ಕೈಯಲ್ಲಿ ಹಿಡಿದಂತೆಯೇ, ಯಜಮಾನನ ಅಪ್ಪಣೆಗೂ ದಾರಿಯ ಬುತ್ತಿಗೂ ಕಾಯದೆ ಹೊರಟರೆಂದು ಚರಿತ್ರಕಾರರು ವರ್ಣಿಸಿರುವರು. ದಾರಿಯ ಹಳ್ಳಿಗಳವರು ಅವರಿಗೆ ಅನ್ನವಿಟ್ಟರು. ಯಾತ್ರಿಕರು ಒಬ್ಬರನ್ನೊಬ್ಬರು ಅಣ್ಣ, ಅಕ್ಕ ಎಂದು ಕರೆದುಕೊಳ್ಳುತ್ತಿದ್ದರು. ಊರಿನಲ್ಲಿ ಇಷ್ಟು ಜನಕ್ಕೆ ಸ್ಥಳವೆಲ್ಲಿ? ತೋಟಗಳಲ್ಲಿಯೂ ಹೊಳೆಯ ದಂಡೆಯಲ್ಲಿಯೂ ರಾತ್ರಿ ಕಳೆದರು. ಅವರು ಅರ್ಪಿಸಿದ ಮೇಣದ ದೀಪಗಳೂ, ನಾಣ್ಯಗಳೂ, ಒಡವೆಗಳೂ ಇಗರ್ಜಿಯಲ್ಲಿ ರಾಶಿಬಿದ್ದುವು. ಹಾನ್ಸನು ತಲೆಗೆ ಹಾಕಿಕೊಳ್ಳುತ್ತಿದ್ದ ಜುಂಜುಜುಂಜಾದ ಕುಲಾವಿಯ ಚೂರುಗಳನ್ನು ಕಿತ್ತು, ಪವಿತ್ರವಸ್ತುವೆಂದು ಮನೆಗೊಯ್ದರು.

ಜನಸಂಖ್ಯೆಯ ವಿಚಾರದಲ್ಲಿ ಮಾತ್ರ ಎಚ್ಚರಿಕೆಯಿರಬೇಕು. ಒಂದು ದಿನದಲ್ಲಿ ೪೦,೦೦೦ ಜನವೆಂದು ಕೆಲವರು, ೭೦,೦೦೦ವೆಂದು ಮತ್ತೊಬ್ಬರು ಬರೆದಿರುವರು. ಅಂದಿನ ಜರ್ಮನಿಯ ಅತಿ ದೊಡ್ಡ ನಗರವಾದ ಕೊಲೋನಿನ ಜನಸಂಖ್ಯೆಯೇ ಸುಮಾರು ೪೦,೦೦೦ವಿದ್ದಿತೆಂಬುದನ್ನು ನೆನೆದರೆ ಈ ಲೆಕ್ಕಗಳು ಎಣಿಸಿ ಬರೆದವಲ್ಲವೆಂಬುದು ಸ್ಪಷ್ಟವಾಗುವುದು. ಅವು ಬರೆದವರ ಬೆರಗಿನ, ಇಲ್ಲವೆ ಭಯದ ಅಳತೆಗಳು. ಆದರೂ ನ್ಯೂರೆಂಬೆರ್ಗಿನಂತಹ ದೂರದ ನಗರದ ಸಭೆಯು ತನ್ನ ಪ್ರಜೆಗಳು ಅಲ್ಲಿಗೆ ಹೋಗಕೂಡದೆಂದು ಆಜ್ಞೆ ಮಾಡಬೇಕಾಯಿತೆಂಬುದರಿಂದ ಜನಪ್ರವಾಹವು ಸಾಮಾನ್ಯವಾದುದಲ್ಲವೆಂದು ತಿಳಿಯಬಹುದು.

ದಿನಗಳು ಕಳೆದಂತೆ ಬೋಧೆಯು ಹರಿತವಾಯಿತು. ವುರ್ಟ್ಸ್‌ಬುರ್ಗಿನ ಬಿಷಪ್ಪನು ಗುಪ್ತವಾಗಿ ಜನರನ್ನು ಕಳುಹಿಸಿ ಅವನ ಮಾತುಗಳನ್ನು ಬರೆಯಿಸಿಕೊಂಡನು. ಆ ಬರಹವು ಇಂದಿಗೂ ಉಳಿದಿದೆ. ಅದರಲ್ಲಿನ ಅಂಶಗಳ ಸಾರವನ್ನು ಹೀಗೆ ಸಂಗ್ರಹಿಸಬಹುದು: ಚಕ್ರವರ್ತಿಯು ದುಷ್ಟನು, ಪೋಪನಲ್ಲಿಯೂ ಸಾರವಿಲ್ಲ, ಪ್ರಜೆಗಳ ಮೇಲೆ ತೆರಿಗೆ ಸುಂಕಗಳನ್ನು ಹೇರಲು ಪ್ರಭುಗಳಿಗೆ ಬಲ ಕೊಟ್ಟವನೇ ಚಕ್ರವರ್ತಿ, ಪಾದ್ರಿಗಳು ಒಂದಕ್ಕಿಂತ ಹೆಚ್ಚು ಇಗರ್ಜಿಗಳ ಆದಾಯವನ್ನು ತಿನ್ನಬಾರದು, ನೀರಿನ ಮೀನೂ ಬಯಲಿನ ಮೃಗಗಳೂ ಎಲ್ಲರಿಗೂ ಸಮಾನವಾಗಿ ಸಲ್ಲತಕ್ಕವು, ಪ್ರಭುಗಳಲ್ಲಿರುವುದನ್ನು ಎಲ್ಲರಿಗೂ ಹಂಚಿದರೆ ಎಲ್ಲರಿಗೂ ಸಾಕಾಗುವುದು, ದೊರೆಗಳೂ ಪ್ರಭುಗಳೂ ದಿನಗೂಲಿಗೆ ದುಡಿಯುವ ಕಾಲ ಬರುವುದು, ಶುದ್ಧೀಕರಣಸ್ಥಳವೆಂಬುದೇ ಇಲ್ಲ. ಪಾದ್ರಿಗಳನ್ನು ಕೊಲ್ಲುವ ಕಾಲವೂ ಬರುವುದೆಂದು ಹೇಳಿದನೆಂಬ ಕಠೋರವಾದ ಮಾತೂ ಅದರಲ್ಲಿದೆ.

ಇದು ಹಾನ್ಸನ ಮಾತೇ? ಇದನ್ನು ಬರೆದುಕೊಂಡವರು ಅವನನ್ನು ಹಿಡಿಯಲು ಕಾರಣ ಹುಡುಕುತ್ತಿದ್ದವರು. ಯಾವ ಮಾತಿನಿಂದ ಅಪರಾಧ ಸ್ಥಾಪಿತವಾಗುವುದೋ ಅದೇ ಅವರ ಲೇಖನಿಗೆ ಸಿಕ್ಕಿರುವುದು ಸಹಜ. ಹುಡುಗನು ಅಳುತ್ತ ಪ್ರಾರ್ಥಿಸಿದ ಮಾತುಗಳನ್ನು ಅವರೇಕೆ ಬರೆದಾರು? ಪಾದ್ರಿಗಳ ವಧೆಯ ಮಾತನ್ನು ಅವನು ಆಡಿದನೋ, ಆಡಿದರೆ ಯಾವ ಅರ್ಥದಲ್ಲಿ ಆಡಿದನೋ ನಿರ್ಣಯಿಸುವ ಸಾಧನ ನಮ್ಮಲ್ಲಿಲ್ಲ. ಆದರೆ ಮೀನು, ಮೃಗ, ದಿನಗೂಲಿಗಳ ಮಾತಿನಲ್ಲಿ ಒಂದು ವಿಶೇಷವುಂಟು. ವುರ್ಟ್ಸ್‌ಬುರ್ಗಿನ ಕೋಟೆಯೊಳಗೆ ಕುಳಿತ ಲಿಪಿಕಾರನು ಕಲ್ಪಿಸಿ ಬರೆಯಬಹುದಾದ ಮಾತುಗಳಲ್ಲ ಅವು. ಹೊಳೆಯ ದಡದಲ್ಲಿ ಹಸಿದು ಕುಳಿತು ಮೀನನ್ನು ನೋಡಿದವನ ಬಾಯಿಂದ ಮಾತ್ರ ಅಂತಹ ಮಾತು ಹೊರಡುವುದೆಂದು ನನ್ನ ಅಭಿಪ್ರಾಯ.

೫

ವುರ್ಟ್ಸ್‌ಬುರ್ಗಿನಲ್ಲಿ ಆಗ ಬಿಷಪ್ಪನಾಗಿದ್ದವನು ರುಡೋಲ್ಫ್ ಫಾನ್ ಶೆರೆನ್‌ಬೆರ್ಗ್. ೧೪೬೬ರಲ್ಲಿ ಪೀಠವನ್ನೇರಿದಾಗ ಅವನಿಗೆ ಬಂದುದು ಸಾಲದಲ್ಲಿ ಮುಳುಗಿದ ರಾಜ್ಯ. ಮಿತವ್ಯಯದಿಂದಲೂ ದಕ್ಷತೆಯಿಂದಲೂ ಆ ಸಾಲವನ್ನು ತೀರಿಸುತ್ತ ಬಂದವನೆಂದು ಅವನಿಗೆ ಕೀರ್ತಿಯುಂಟು. ಅವನನ್ನು ಕೇವಲ ಕ್ರೂರಿಯೆಂದು ಚಿತ್ರಿಸುವುದು ನ್ಯಾಯವಲ್ಲ. ಆದರೆ ಲೆಕ್ಕದ ಪುಸ್ತಕವನ್ನು ಚೆನ್ನಾಗಿ ಓದಬಲ್ಲ ಪ್ರಭುವಿಗೆ, ತೆರಿಗೆಯೇ ಅನ್ಯಾಯವೆಂದು ಸಾರುವವನ ಮಾತು ಎಲ್ಲಕ್ಕಿಂತ ಅಪಾಯಕರವಾಗಿ ತೋರಿದ್ದರೆ ಅದು ಸಹಜವೇ ಸರಿ. ಅವನು ಮೈಂಟ್ಸಿನ ಆರ್ಚ್‌ಬಿಷಪ್ಪನಾದ ಡೀಟರ್ ಫಾನ್ ಈಸೆನ್‌ಬುರ್ಗನೊಡನೆ ಪತ್ರವ್ಯವಹಾರ ನಡೆಯಿಸಿ, ಹುಡುಗನನ್ನು ಸೆರೆಹಿಡಿಯಲು ನಿಶ್ಚಯಿಸಿದನು.

ಜುಲೈ ೧೨ರ ರಾತ್ರಿ ಬಿಷಪ್ಪನ ಕುದುರೆಯಾಳುಗಳು ನಿಕ್ಲಾಸ್‌ಹೌಸನ್ನಿಗೆ ನುಗ್ಗಿ ಹಾನ್ಸನನ್ನು ಹಿಡಿದು, ಮರಿಯೆನ್‌ಬೆರ್ಗಿನ ಸೆರೆಗೆ ಒಯ್ದರು. ಈ ಆತುರಕ್ಕೆ ಕಾರಣವನ್ನು ಚರಿತ್ರಕಾರರು ಹೀಗೆ ಹೇಳಿರುವರು: ಮುಂದಿನ ಬಾರಿ ಹೆಂಗಸರನ್ನೂ ಮಕ್ಕಳನ್ನೂ ಮನೆಯಲ್ಲಿ ಬಿಟ್ಟು, ಗಂಡಸರು ಮಾತ್ರ ಆಯುಧಗಳೊಡನೆ ಬರಬೇಕೆಂದು ಹಾನ್ಸನು ತನ್ನ ಜನರಿಗೆ ಹೇಳಿದ್ದನಂತೆ. ಈ ಮಾತನ್ನು ಈಚಿನ ವಿದ್ವಾಂಸರಲ್ಲಿ ಅನೇಕರು ನಂಬುವುದಿಲ್ಲ. ಮುಂದೆ ನಡೆದುದೇ ಇದಕ್ಕೆ ವಿರುದ್ಧವಾದ ಸಾಕ್ಷಿಯಾಗಿದೆ.

ಹುಡುಗನನ್ನು ಕಳೆದುಕೊಂಡ ಯಾತ್ರಿಕರು ಮರುದಿನ ದಿಕ್ಕುಗೆಟ್ಟು ನಿಂತಿದ್ದರು. ಅವರಲ್ಲೊಬ್ಬ ರೈತನು, ಪರಮಪವಿತ್ರ ತ್ರಿತ್ವವು ತನಗೆ ಕಾಣಿಸಿಕೊಂಡಿತೆಂದೂ, ಉರಿಯುವ ದೀಪಗಳೊಡನೆ ಹೋದರೆ ಕೋಟೆಯ ಬಾಗಿಲು ತಾನಾಗಿಯೇ ತೆರೆಯುವುದೆಂದೂ ಸಾರಿದನು. ಇಗರ್ಜಿಯಲ್ಲಿ ಹರಕೆಗೆ ಬಂದಿದ್ದ ದೊಡ್ಡ ಮೇಣದ ದೀಪಗಳನ್ನು ನೂರಾರು ಸಂಖ್ಯೆಯಲ್ಲಿ ಹೊತ್ತಿಸಿಕೊಂಡು, ಹಾಡುತ್ತ, ಅವರು ರಾತ್ರಿಯೆಲ್ಲ ನಡೆದರು. ಸುಮಾರು ೩೦ ಕಿಲೋಮೀಟರಿನ ದಾರಿ. ೧೬,೦೦೦ ಜನರೆಂದು ಹೇಳಿಕೆ. ಟುನ್‌ಫೆಲ್ಡಿನ ಕುನ್ಟ್ಸನೆಂಬ ಒಬ್ಬ ಸರದಾರನೂ ಅವನ ಮಗನೂ ಮುಂದಾಳುಗಳಾಗಿದ್ದರು. ಹೆಚ್ಚಿನವರ ಕೈಯಲ್ಲಿದ್ದುದು ದೀಪ. ಆಯುಧವಿದ್ದವರು ಕೆಲವರು ಮಾತ್ರ. ಹಿಂದಿನ ದಿನ ಆಯುಧದೊಡನೆ ಕೂಡಿದ ದಂಡಾಗಿದ್ದರೆ ಹೀಗೆ ಬರುವುದು ಹೇಗೆ?

ಭಾನುವಾರದ ಬೆಳಗ್ಗೆ ಕೋಟೆಯ ಕೆಳಗೆ ಬಂದು ನಿಂತು, ನಮ್ಮ ಪುಣ್ಯಪುರುಷನನ್ನು ನಮಗೆ ಒಪ್ಪಿಸಿರಿ, ಇಲ್ಲವಾದರೆ ಬಲದಿಂದ ಬಿಡಿಸಿಕೊಳ್ಳುವೆವು ಎಂದು ಕೇಳಿದರು. ಬಿಷಪ್ಪನ ಅಧಿಕಾರಿಯು ಬಂದು ಸಮಾಧಾನದ ಮಾತನಾಡಿದನು. ಕೋಟೆಯಿಂದ ಅವರ ತಲೆಗಳ ಮೇಲೆ ಹಾಯುವಂತೆ ಫಿರಂಗಿ ಹಾರಿಸಿದರು. ಗುಂಡು ಯಾರಿಗೂ ತಗುಲದಿದ್ದುದನ್ನು ಕಂಡು, ಮರಿಯಮ್ಮನೇ ಕಾಪಾಡಿದಳೆಂದು ಜನರ ಭಕ್ತಿಯು ಹೆಚ್ಚಿತಂತೆ. ಆದರೆ ಬಾಗಿಲು ತೆರೆಯಲಿಲ್ಲ. ಬಿಸಿಲೇರಿತು, ಹಸಿವಾಯಿತು, ಒಬ್ಬೊಬ್ಬರಾಗಿ, ಗುಂಪುಗುಂಪಾಗಿ ಹಿಂದಿರುಗತೊಡಗಿದರು. ಆಗ ಕುದುರೆಯಾಳುಗಳು ಹಿಂದಿನಿಂದ ಬಿದ್ದು ಕೆಲವರನ್ನು ಕೊಂದು, ನೂರಕ್ಕೂ ಮೀರಿ ಜನರನ್ನು ಸೆರೆಹಿಡಿದರು. ಸೆರೆಸಿಕ್ಕಿದವರಲ್ಲಿ ಹೆಚ್ಚಿನವರನ್ನು ಬೇಗನೆ ಬಿಟ್ಟುಬಿಟ್ಟರು.

ಜುಲೈ ೧೯ರಂದು, ಸೆರೆಯಾದ ಒಂದು ವಾರಕ್ಕೆ, ಹಾನ್ಸನನ್ನು ಕೋಟೆಯ ಅಡಿಯ ಶಾಟೆನಾಂಗರ್ ಎಂಬ ಬಯಲಿಗೆ ತಂದರು. ಮೊದಲು ಇಬ್ಬರು ರೈತರ ತಲೆ ಕಡಿದರು. ಅದನ್ನು ಕಂಡ ಹುಡುಗನು, ನನಗೂ ನೋವು ಮಾಡುವಿರಾ ಎಂದು ಕೇಳಿದನಂತೆ. ಕಂಬಕ್ಕೆ ಕಟ್ಟಿದಾಗ ಗಟ್ಟಿಯಾಗಿ ಮರಿಯಮ್ಮನ ಸ್ತುತಿಗೀತೆಗಳನ್ನು ತನ್ನ ತಾಯ್ನುಡಿಯಲ್ಲಿ ಹಾಡುತ್ತಿದ್ದನು. ಹೊಗೆಯೂ ಉರಿಯೂ ಏರಿದ ಮೇಲೆ ಹಾಡು ನಿಂತಿತು. ಜನರು ಬೂದಿಯನ್ನು ಪೂಜೆಗೆ ಒಯ್ದಾರೆಂದು ಅದನ್ನು ಮೈನ್ ನದಿಗೆ ಎಸೆದರು.

೬

ಹುಡುಗನ ಬೂದಿಯು ಹೊಳೆಯಲ್ಲಿ ಹೋಯಿತು, ಯಾತ್ರೆಯು ನಿಲ್ಲಲಿಲ್ಲ. ಅಪ್ಪಣೆಗಳಾದುವು, ಬಹಿಷ್ಕಾರದ ಭಯವನ್ನೊಡ್ಡಿದರು. ಆದರೂ ಜನರು ಬರುತ್ತಲೇ ಇದ್ದರು. ಕೊನೆಗೆ ಇಗರ್ಜಿಯಲ್ಲಿ ಪೂಜೆಯನ್ನು ನಿಲ್ಲಿಸಿ, ೧೪೭೭ರಲ್ಲಿ ಮೈಂಟ್ಸಿನ ಆರ್ಚ್‌ಬಿಷಪ್ಪನ ಆಜ್ಞೆಯಿಂದ ಆ ಕಟ್ಟಡವನ್ನೇ ಕೆಡವಿದರು. ಮರಿಯಮ್ಮನ ಹೆಸರಿನ ಇಗರ್ಜಿಯನ್ನು ಮರಿಯಮ್ಮನ ಧರ್ಮಾಧಿಕಾರಿಗಳೇ ಕೆಡವಬೇಕಾಗಿ ಬಂದುದು ಆ ಯಾತ್ರೆಯು ಅವರಲ್ಲಿ ಹುಟ್ಟಿಸಿದ್ದ ಭೀತಿಗೆ ಸಾಕ್ಷಿ.

ಹರಕೆಯ ಹಣದ ಗತಿಯೇನಾಯಿತು? ಮೊದಲು ಹೇಳಿದ ಮೂವರು ಪ್ರಭುಗಳೂ, ಎಂದರೆ ಮೈಂಟ್ಸಿನ ಆರ್ಚ್‌ಬಿಷಪ್ಪನು, ವುರ್ಟ್ಸ್‌ಬುರ್ಗಿನ ಬಿಷಪ್ಪನು, ವೆರ್ಟ್‌ಹೈಮಿನ ಕೌಂಟನು, ಅದನ್ನು ತಮ್ಮೊಳಗೆ ಹಂಚಿಕೊಂಡರು. ಮೈಂಟ್ಸಿನ ಪಾಲು ಆ ನಗರದಲ್ಲಿ ಆಗ ಕಟ್ಟುತ್ತಿದ್ದ ಮಾರ್ಟಿನ್ಸ್‌ಬುರ್ಗ್ ಎಂಬ ಕೋಟೆಯ ಕೆಲಸಕ್ಕೆ ಹೋಯಿತೆಂದು ಹೇಳಿಕೆ. ಹುಡುಗನ ದರ್ಶನವು ಸುಳ್ಳು, ಅವನ ಬೋಧೆಯು ಪಾಷಂಡ, ಯಾತ್ರೆಯು ಅಪರಾಧ. ಆದರೆ ಅದೇ ಯಾತ್ರೆಯಲ್ಲಿ ಬಡವರು ಇಟ್ಟ ಕಾಸು ಮಾತ್ರ ಪರಿಶುದ್ಧವಾದುದೆಂದು ತೀರ್ಮಾನವಾದಂತಾಯಿತು. ಹಾನ್ಸನ ಬೋಧೆಗೆ ಇದಕ್ಕಿಂತ ಬಲವಾದ ಭಾಷ್ಯವನ್ನು ಅವನ ಶಿಷ್ಯರೂ ಬರೆಯಲಾರರು.

ಮುಂದೆ ಊರಿನಲ್ಲಿ ಇಗರ್ಜಿಯು ಮತ್ತೆ ಎದ್ದಿತು. ಆದರೆ ೧೫೨೦ರ ದಶಕದಲ್ಲಿ ವೆರ್ಟ್‌ಹೈಮಿನ ಕೌಂಟನಾದ ಎರಡನೆಯ ಗೇಯಾರ್ಗನು ಲೂಥರನ ಮತದ ಕಡೆಗೆ ಒಲಿದನು. ಕಾಲಕ್ರಮದಲ್ಲಿ ನಿಕ್ಲಾಸ್‌ಹೌಸನ್ ಪ್ರೊಟೆಸ್ಟೆಂಟ್ ಗ್ರಾಮವಾಯಿತು. ಆ ಮತದಲ್ಲಿ ಪಾಪವಿಮೋಚನೆಯ ಪತ್ರಗಳಿಗೂ, ಶುದ್ಧೀಕರಣಸ್ಥಳಕ್ಕೂ, ಮರಿಯಮ್ಮನ ಯಾತ್ರೆಗೂ ಎಡೆಯಿಲ್ಲ. ಹೀಗೆ ಒಂದು ಕೈಯಿಂದ ಹಾನ್ಸನ ಮಾತು ಗೆದ್ದಿತು, ಇನ್ನೊಂದು ಕೈಯಿಂದ ಅವನ ಯಾತ್ರೆಗೆ ಮಂಗಳವಾಯಿತು.

೭

ಇನ್ನು ಈ ವೃತ್ತಾಂತವನ್ನು ಉಳಿಸಿದವರ ವಿಚಾರ. ೧೪೯೩ರಲ್ಲಿ ನ್ಯೂರೆಂಬೆರ್ಗಿನಲ್ಲಿ ಅಚ್ಚಾದ ಹಾರ್ಟ್‌ಮನ್ ಶೇಡಲನ ವಿಶ್ವಚರಿತ್ರೆಯಲ್ಲಿ, ಹಾನ್ಸನು ಕಿಟಕಿಯಿಂದ ಜನರಿಗೆ ಬೋಧಿಸುತ್ತಿರುವ ಮರದಚ್ಚಿನ ಚಿತ್ರವೊಂದಿದೆ. ಮರುವರ್ಷ ಹೊರಬಿದ್ದ ಸೆಬಾಸ್ಟಿಯಾನ್ ಬ್ರಾಂಟನ ‘ಮೂರ್ಖರ ಹಡಗು’ ಎಂಬ ವಿಡಂಬನಕಾವ್ಯದಲ್ಲಿ ಅವನ ಹೆಸರು ಮೂರ್ಖತನಕ್ಕೆ ನಿದರ್ಶನವಾಗಿ ಬಂದಿದೆ. ಹದಿನಾರನೆಯ ಶತಮಾನದಲ್ಲಿ ಬಿಷಪ್ಪರ ಕಾರ್ಯದರ್ಶಿಯಾಗಿದ್ದ ಲೊರೆಂಟ್ಸ್ ಫ್ರೀಸನು ತನ್ನ ವುರ್ಟ್ಸ್‌ಬುರ್ಗಿನ ಬಿಷಪ್ಪರ ಚರಿತ್ರೆಯಲ್ಲಿ ಇದನ್ನು ವಿವರಿಸಿರುವನು.

ಎಲ್ಲರಿಗಿಂತ ವಿಸ್ತಾರವಾಗಿ ಬರೆದವರಲ್ಲಿ ಒಬ್ಬನು ಯೋಹಾನೆಸ್ ಟ್ರಿಥೆಮಿಯುಸ್ ಎಂಬ ಪಂಡಿತಮಠಾಧಿಪತಿ. ಹಾನ್ಸನನ್ನು ಸುಟ್ಟಾಗ ಇವನು ೧೪ ವರ್ಷದ ಬಾಲಕ. ೧೫೦೬ರಲ್ಲಿ ವುರ್ಟ್ಸ್‌ಬುರ್ಗಿನ ಸಂತ ಯಾಕೋಬನ ಮಠಕ್ಕೆ ಅಧಿಪತಿಯಾಗಿ ಬಂದು, ೧೫೧೬ರಲ್ಲಿ ಸಾಯುವ ವರೆಗೆ ಅಲ್ಲಿಯೇ ಇದ್ದನು. ಆ ಮಠವಿರುವುದು ಶಾಟೆನಾಂಗರ್ ಬಯಲಿನ ಅಂಚಿನಲ್ಲಿ. ತಾನು ನಿತ್ಯವೂ ನೋಡುತ್ತಿದ್ದ ನೆಲದ ಮೇಲೆ ಮೂವತ್ತು ವರ್ಷಗಳ ಹಿಂದೆ ನಡೆದುದನ್ನು ಕಂಡವರ ಬಾಯಿಂದ ಅವನು ಕೇಳಿರಬಹುದು. ಅವನಿಗೆ ಹಾನ್ಸನ ಮೇಲೆ ಕನಿಕರವಿಲ್ಲ. ಅವನ ದೃಷ್ಟಿಯಲ್ಲಿ ಹುಡುಗನು ದಡ್ಡನು, ಹಿಂದೆ ನಿಂತ ಯಾವನೋ ಸಂನ್ಯಾಸಿಯು ಕಿವಿಯಲ್ಲಿ ಹೇಳಿಕೊಟ್ಟುದನ್ನು ಒಪ್ಪಿಸುತ್ತಿದ್ದವನು. ಆದರೂ ನೋವಿನ ಪ್ರಶ್ನೆ, ಉರಿಯೊಳಗಿನ ಹಾಡು ಇವೆಲ್ಲ ನಮಗೆ ಸಿಕ್ಕಿರುವುದು ಅವನ ಲೇಖನಿಯಿಂದಲೇ. ದ್ವೇಷದಿಂದ ಬರೆದವನ ಬರಹದಲ್ಲಿ ಇಂತಹ ಸಂಗತಿಯು ಉಳಿದಿರುವುದರಿಂದಲೇ ಅದನ್ನು ಹೆಚ್ಚು ನಂಬಬಹುದೆಂದು ತೋರುವುದು.

ಹೇಳಿಕೊಡುವವರ ಕಥೆಯನ್ನು ಬೇರೆಯವರೂ ಬರೆದಿರುವರು. ಊರಿನ ಪಾದ್ರಿಯ ಮೇಲೆ ಒಬ್ಬರಿಗೆ ಸಂಶಯ, ಗುಹೆಯಲ್ಲಿದ್ದ ತಪಸ್ವಿಯ ಮೇಲೆ ಮತ್ತೊಬ್ಬರಿಗೆ. ಹುಡುಗನು ಪಾದ್ರಿಯಿಂದಲೋ ತಪಸ್ವಿಯಿಂದಲೋ ಕೆಲವು ವಿಚಾರಗಳನ್ನು ಕಲಿತಿರಲೂಬಹುದು. ಆದರೆ ದನಗಾಹಿಯು ತಾನಾಗಿ ಯೋಚಿಸಲಾರನೆಂಬ ನಂಬಿಕೆಯು ಆ ಬರಹಗಳೆಲ್ಲಕ್ಕೂ ತಳಹದಿಯಾಗಿರುವುದನ್ನು ಮರೆಯಬಾರದು. ೧೮೫೮ರಲ್ಲಿ ಕಾರ್ಲ್ ಆಗುಸ್ಟ್ ಬಾರಾಕನೆಂಬ ವಿದ್ವಾಂಸನು ಆ ಕಾಲದ ಪತ್ರಗಳನ್ನೂ ಆಜ್ಞೆಗಳನ್ನೂ ಶೋಧಿಸಿ ಪ್ರಕಟಿಸಿದ ಮೇಲೆ ಈ ಸಂಗತಿಯ ವಿಮರ್ಶೆಯು ಸರಿಯಾದ ದಾರಿಯನ್ನು ಹಿಡಿಯಿತು.

೮

ಹಾನ್ಸನು ಸತ್ತ ೪೯ ವರ್ಷಗಳ ಬಳಿಕ, ೧೫೨೫ರಲ್ಲಿ, ದಕ್ಷಿಣಜರ್ಮನಿಯ ರೈತರೆಲ್ಲ ದಂಗೆಯೆದ್ದರು. ಅವರು ಮೆಮ್ಮಿಂಗೆನ್ ಪಟ್ಟಣದಲ್ಲಿ ಬರೆದುಕೊಂಡ ಹನ್ನೆರಡು ಬೇಡಿಕೆಗಳಲ್ಲಿ ಮೀನು, ಬೇಟೆ, ಕಾಡಿನ ಸೌದೆ, ದಶಮಾಂಶಗಳ ವಿ��ಯಗಳು ಮತ್ತೆ ಕಾಣಿಸಿಕೊಂಡುವು. ತೌಬರ್ ಕಣಿವೆಯ ರೈತರೂ ಕೂಡಿ ಮರಿಯೆನ್‌ಬೆರ್ಗನ್ನು ಮುತ್ತಿದರು. ಈ ಬಾರಿ ಅವರ ಕೈಯಲ್ಲಿ ದೀಪವಿರಲಿಲ್ಲ, ಆಯುಧವಿದ್ದಿತು. ಕೋಟೆಯ ಬಾಗಿಲು ಆಗಲೂ ತೆರೆಯಲಿಲ್ಲ. ಜೂನ್ ೨ರಂದು ತೌಬರ್ ದಂಡೆಯಲ್ಲಿಯೇ, ಕ್ಯೋನಿಗ್ಸ್‌ಹೋಫನ್ನಿನ ಬಳಿ, ಪ್ರಭುಗಳ ಸೇನೆಯು ಅವರನ್ನು ನಾಶಪಡಿಸಿತು.

ಈ ಎರಡು ಕಾಲಗಳನ್ನು ಸೇರಿಸುವ ಒಂದು ಕಲಾಕೃತಿಯು ವುರ್ಟ್ಸ್‌ಬುರ್ಗಿನ ಪ್ರಧಾನ ಇಗರ್ಜಿಯಲ್ಲಿದೆ. ಬಿಷಪ್ ರುಡೋಲ್ಫನು ೧೪೯೫ರಲ್ಲಿ ತೊಂಬತ್ತು ಮೀರಿದ ವೃದ್ಧನಾಗಿ ಸತ್ತನು. ಅವನ ಸಮಾಧಿಶಿಲೆಯನ್ನು ಕೆಂಪು ಅಮೃತಶಿಲೆಯಲ್ಲಿ ಕಡೆದವನು ಟಿಲ್‌ಮನ್ ರೀಮೆನ್‌ಶ್ನೈಡರ್ ಎಂಬ ಮಹಾಶಿಲ್ಪಿ. ಒಂದು ಕೈಯಲ್ಲಿ ಧರ್ಮದಂಡ, ಇನ್ನೊಂದರಲ್ಲಿ ಖಡ್ಗ. ಸುಕ್ಕುಗಟ್ಟಿದ ಮುಖದಲ್ಲಿ ಮುಪ್ಪಿನ ಬಳಲಿಕೆ. ಅದೇ ಶಿಲ್ಪಿಯು ೧೫೨೫ರಲ್ಲಿ ವುರ್ಟ್ಸ್‌ಬುರ್ಗಿನ ನಗರಸಭೆಯವರೊಡನೆ ರೈತರ ಕಡೆಗೆ ಒಲಿದನೆಂಬ ಕಾರಣದಿಂದ, ಆಗಿನ ಬಿಷಪ್ಪನು ಅವನನ್ನು ಮರಿಯೆನ್‌ಬೆರ್ಗಿನ ಸೆರೆಯಲ್ಲಿಟ್ಟು ಹಿಂಸಿಸಿದನು. ಹಾನ್ಸನನ್ನು ಸುಟ್ಟವನ ಮುಖವನ್ನು ಅಮರಗೊಳಿಸಿದ ಕೈಯು, ಹಾನ್ಸನು ಬಿದ್ದಿದ್ದ ಕೋಟೆಯಲ್ಲಿಯೇ ಕೊನೆಗೆ ಬಂಧನಕ್ಕೊಳಗಾಯಿತು.

ಇಂದು ನಿಕ್ಲಾಸ್‌ಹೌಸನ್ ಬಾಡೆನ್-ವುರ್ಟೆಂಬೆರ್ಗ್ ರಾಜ್ಯದಲ್ಲಿ ವೆರ್‌ಬಾಖ್ ಎಂಬ ಗ್ರಾಮಸಮೂಹಕ್ಕೆ ಸೇರಿದ, ಕೆಲವೇ ನೂರು ಜನ ವಾಸಿಸುವ ಊರು. ವುರ್ಟ್ಸ್‌ಬುರ್ಗಾದರೋ ಬವೇರಿಯ ರಾಜ್ಯದಲ್ಲಿದೆ. ಆದರೆ ಎರಡು ಕಡೆಯ ಜನರ ಮಾತೂ ಫ್ರಾಂಕೋನಿಯದ್ದೇ. ಊರಿನವರು ತಮ್ಮ ಡೋಲುಗಾರನ ನೆನಪಿಗಾಗಿ ಒಂದು ಸಣ್ಣ ಸಂಗ್ರಹಶಾಲೆಯನ್ನು ಮಾಡಿಕೊಂಡಿರುವರು. ೧೯೭೦ರಲ್ಲಿ ರೈನರ್ ವೆರ್ನರ್ ಫಾಸ್‌ಬಿಂಡರ್ ಎಂಬ ಪ್ರಸಿದ್ಧ ನಿರ್ದೇಶಕನು ಈ ಕಥೆಯನ್ನು ಆಧುನಿಕ ಕಾಲದೊಡನೆ ಹೆಣೆದು ಚಲನಚಿತ್ರವೊಂದನ್ನು ಮಾಡಿದನು.

ಯಾತ್ರಾಸ್ಥಳದ ಪವಿತ್ರತೆಯು ಎಲ್ಲಿಂದ ಬರುವುದೆಂಬ ಪ್ರಶ್ನೆಗೆ ೧೪೭೬ರಲ್ಲಿ ಎರಡು ಉತ್ತರಗಳಿದ್ದುವು. ಅಧಿಕಾರಿಯ ಮುದ್ರೆಯಿಂದ ಬರುವುದೆಂದು ಕೋಟೆಯೊಳಗಿನವರು ತಿಳಿದಿದ್ದರು. ಬರಿಗಾಲಿನಲ್ಲಿ ನಡೆದುಬಂದವರ ನಂಬಿಕೆಯಿಂದ ಬರುವುದೆಂದು ಹೊಳೆಯ ದಂಡೆಯಲ್ಲಿ ಮಲಗಿದವರು ತಿಳಿದಿದ್ದರು. ಹುಡುಗನ ದರ್ಶನವು ಸತ್ಯವೋ ಭ್ರಾಂತಿಯೋ ಎಂಬುದನ್ನು ಚರಿತ್ರಕಾರನು ತೀರ್ಮಾನಿಸಬೇಕಾಗಿಲ್ಲ. ಆದರೆ ಒಂದು ರಾತ್ರಿ ಸಾವಿರಾರು ಬಡವರು ಉರಿಯುವ ದೀಪಗಳನ್ನು ಹಿಡಿದು, ಒಬ್ಬ ದನಗಾಹಿಯನ್ನು ಬಿಡಿಸಲು ಫ್ರಾಂಕೋನಿಯದ ಗುಡ್ಡಗಳ ನಡುವೆ ಹಾಡುತ್ತ ನಡೆದರೆಂಬುದು ಸತ್ಯ. ಮುದ್ರೆಯೊತ್ತಿದ ಆಜ್ಞಾಪತ್ರಗಳು ಆ ನಡಿಗೆಯನ್ನು ಅಪರಾಧವೆಂದು ದಾಖಲುಮಾಡಿರುವುವು. ದಾಖಲೆಯಾದುದರಿಂದ ಅದು ನಮಗೆ ಉಳಿಯಿತು. ಅದನ್ನು ಯಾತ್ರೆಯೆಂದು ಓದುವುದು ನಮ್ಮ ಪಾಲಿನ ಕರ್ತವ್ಯ.